ಮನೆಯೊಳಗೆ ಅಂದಕ್ಕೆ ಬೆಳೆಸುವ ಮೆಣಸಿನ ಗಿಡ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಪೂರ್ವದ ಕಿಟಕಿಯಲ್ಲಿ ಕಪ್ಪು ಎಲೆಯ ಗಿಡ ಒಂದಿದೆ. ಬಂದವರೆಲ್ಲ ಕಾಫಿ ಕುಡಿಯುವ ಮೊದಲೇ ಕೇಳುತ್ತಾರೆ, ಇದೇನು ಗಿಡ ಅಂತ. ಮೆಣಸಿನಕಾಯಿ ಅಂದರೆ ನಂಬುವುದಿಲ್ಲ. ಒಂದು ಎಲೆ ಮುಟ್ಟಿ ನೋಡಿ, ಆಮೇಲೆ ಶುರು ಮಾಡುತ್ತಾರೆ ಪ್ರಶ್ನೆ. ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಅವೇ, ಹಾಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಅಂದದ ಮೆಣಸಿನಕಾಯಿ ಅಂದರೆ ಬೇರೆ ಜಾತಿನಾ? ಅಡುಗೆಗೆ ಹಾಕುವುದಲ್ವಾ?

ಬೇರೆ ಏನಿಲ್ಲ. ಜನ ಬೆಳೆಸುವ ಮೆಣಸಿನಕಾಯಿಯಲ್ಲಿ ಐದು ಜಾತಿ ಇವೆ. ಅಂದಕ್ಕೆ ಅಂತ ಮಾರುವ ಗಿಡಗಳಲ್ಲಿ ಹೆಚ್ಚಿನವು ಕ್ಯಾಪ್ಸಿಕಂ ಆನ್ಯುಅಮ್ ಅನ್ನುವ ಜಾತಿ. ಬ್ಯಾಡಗಿಯೂ ಅದೇ, ಗುಂಟೂರೂ ಅದೇ, ಬಜ್ಜಿ ಮೆಣಸಿನಕಾಯಿಯೂ ಅದೇ, ದಪ್ಪ ಮೆಣಸಿನಕಾಯಿಯೂ ಅದೇ. ತಳಿ ಮಾಡಿದವರ ಕಣ್ಣು ಎಲ್ಲಿತ್ತು ಅನ್ನುವುದಷ್ಟೇ ವ್ಯತ್ಯಾಸ. ಹೊಲದ ತಳಿಗೆ ಇಳುವರಿ, ಬಣ್ಣ, ಖಾರ ನೋಡುತ್ತಾರೆ. ಇದಕ್ಕೆ ಗಿಡ ಗಿಡ್ಡವಾಗಿರಬೇಕು, ಕೊಂಬೆ ಒತ್ತಾಗಿರಬೇಕು, ಕಾಯಿ ಎಲೆಯ ಅಡಿಯಲ್ಲಿ ಅಡಗದೆ ಮೇಲಕ್ಕೆ ನಿಂತಿರಬೇಕು.

ಕಾಯಿ ಮೇಲಕ್ಕೆ ನಿಲ್ಲುವುದೇನೂ ಹೊಸ ಶೋಕಿಯಲ್ಲ. ಕಾಡು ಮೆಣಸಿನ ಗಿಡಗಳೇ ಹಾಗೆ. ಪುಟ್ಟ ಕಾಯಿ, ಆಕಾಶ ನೋಡುತ್ತಾ, ಹಕ್ಕಿಗೆ ಕಾಣುವ ಹಾಗೆ. ಹಕ್ಕಿಗಳಿಗೆ ಖಾರ ತಾಗುವುದೇ ಇಲ್ಲ. ನುಂಗಿ, ಎಲ್ಲೋ ಹೋಗಿ ಹಿಕ್ಕೆ ಹಾಕಿ ಬೀಜ ಬಿತ್ತುತ್ತವೆ. ತೋಟದ ಬೇಲಿಯಲ್ಲಿ ಯಾರೂ ನೆಡದ ಗಾಂಧಾರಿ ಮೆಣಸಿನ ಗಿಡ ಹುಟ್ಟಿರುತ್ತಲ್ಲ, ಅದು ಹೀಗೆಯೇ.

ತಳಿ ಆರಿಸುವಾಗ ಮೊದಲು ಏನು ನೋಡಬೇಕು?

ನಿಮ್ಮ ಮನೆ ಕಿಟಕಿ. ಬೀಜದ ಪೊಟ್ಟಣದ ಮೇಲಿನ ಫೋಟೋ ಅಲ್ಲ.

ಇದನ್ನು ಹೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಆಮೇಲೆ ಫೋಟೋ ನೋಡಿಯೇ ತರುತ್ತಾರೆ. ನಾನೂ ಹಾಗೇ ಮಾಡಿದ್ದೆ, ಮೂರು ಗಿಡ ಹೋದವು. ಒಂದು ರಜೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ, ಗಂಟೆಗೊಮ್ಮೆ, ನೇರ ಬಿಸಿಲು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದೆಯಾ ಇಲ್ವಾ ಅಂತ ಗುರುತು ಹಾಕಿಕೊಳ್ಳಿ. ಐದಾರು ಗಂಟೆ ಬಿದ್ದರೆ ಕಾಯಿ ಬಿಡುತ್ತದೆ. ಮೂರು ಗಂಟೆಯಾದರೆ ಗಿಡ ಬದುಕುತ್ತದೆ, ಆದರೆ ಬಡಕಲಾಗಿ ಉದ್ದಕ್ಕೆ ಹೋಗಿ ಕಿಟಕಿಯ ಕಡೆ ವಾಲುತ್ತದೆ. ನಮ್ಮ ಕಣ್ಣಿಗೆ ರೂಮು ಬೆಳಕಾಗಿದೆ ಅನಿಸುವುದಕ್ಕೂ ಗಿಡಕ್ಕೆ ಬೆಳಕು ಸಾಕಾಗುವುದಕ್ಕೂ ಸಂಬಂಧವಿಲ್ಲ. ಗಾಜಿಗೆ ಕಪ್ಪು ಫಿಲ್ಮ್ ಹಚ್ಚಿಸಿದ್ದರಂತೂ ಕೇಳಲೇಬೇಡಿ.

ಇನ್ನೊಂದು ಎಚ್ಚರ. ಹೊರದೇಶದವರು ಬರೆದದ್ದರಲ್ಲಿ "ದಕ್ಷಿಣದ ಕಿಟಕಿಯೇ ಬೆಸ್ಟ್" ಅಂತ ಇರುತ್ತದೆ. ಅಲ್ಲಿ ಅದು ಸರಿ. ಬೆಂಗಳೂರಿನಲ್ಲಿ ಅರ್ಧ ವರ್ಷ ಮಾತ್ರ ಸರಿ. ಇಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಿಗೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ, ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೇ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ನಡುಹಗಲ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ. ಅಂದರೆ ದಕ್ಷಿಣದ ಕಿಟಕಿಗೆ ಡಿಸೆಂಬರ್‌ನಲ್ಲಿ ಹಾಲ್‌ನೊಳಗೆ ಬರುವ ಬಿಸಿಲು ಮೇ ತಿಂಗಳಲ್ಲಿ ಕಟ್ಟೆಗೂ ಬರುವುದಿಲ್ಲ. ಹಾಗಾಗಿ ನನ್ನ ಮತ ಪೂರ್ವಕ್ಕೆ. ಪಶ್ಚಿಮವೂ ನಡೆಯುತ್ತದೆ, ಆದರೆ ಮಾರ್ಚ್‌ನಿಂದ ಮೇವರೆಗೆ ಸಂಜೆಯ ಬಿಸಿಲಿಗೆ ಗ್ರಿಲ್ಲೇ ಮುಟ್ಟಲಾಗದಷ್ಟು ಕಾಯುತ್ತದೆ. ಆಗ ಕುಂಡವನ್ನು ಒಂದಡಿ ಒಳಗೆ ಎಳೆದಿಡಿ.

ನಮ್ಮ ಮನೆಗೆ ಬಿಸಿಲೇ ಬರಲ್ಲ. ಆಸೆ ಬಿಡಬೇಕಾ?

ಬಿಡಬೇಕಿಲ್ಲ. ಲೈಟ್ ಹಾಕಬೇಕು. ನೇರಳೆ ಬೆಳಕಿನ ದುಬಾರಿ ಲೈಟೇ ಬೇಕಂತಿಲ್ಲ. ಒಂದೆರಡು ಗಿಡಕ್ಕೆ 20 ವಾಟ್‌ನ ಬಿಳಿ ಎಲ್‌ಇಡಿ ಟ್ಯೂಬ್, 6500 ಕೆಲ್ವಿನ್ ಅಂತ ಬರೆದಿರುವುದು, ಸಾಕಾಗುತ್ತದೆ. ಆದರೆ ಗಿಡದ ತಲೆಯಿಂದ ಒಂದು ಗೇಣಿನೊಳಗೆ ಇರಬೇಕು. ಸೀಲಿಂಗ್‌ನಲ್ಲಿರುವ ಟ್ಯೂಬ್‌ಲೈಟ್ ಲೆಕ್ಕಕ್ಕಿಲ್ಲ. ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಆಸುಪಾಸು ಆಗುತ್ತದೆ. ಒಂದು ಟೈಮರ್ ಪ್ಲಗ್ ತಂದುಬಿಡಿ, ಇಲ್ಲದಿದ್ದರೆ ಮರೆತೇ ಮರೆಯುತ್ತೀರಿ. ರಾತ್ರಿ ಕತ್ತಲು ಬೇಕು ಗಿಡಕ್ಕೆ, ಇಪ್ಪತ್ತನಾಲ್ಕು ಗಂಟೆ ಉರಿಸಬೇಡಿ.

ಲೈಟ್ ಕೆಳಗೆ ಬೆಳೆಸುವುದಾದರೆ ಗಿಡ್ಡ ತಳಿಯನ್ನೇ ಹಿಡಿಯಿರಿ. ಎತ್ತರದ ಗಿಡಕ್ಕೆ ತಲೆ ಸುಟ್ಟು ಬುಡ ಕತ್ತಲಾಗುತ್ತದೆ.

ಮೊದಲ ಸಲ ತರುವವರಿಗೆ ಯಾವ ತಳಿ?

ಬಿಸಿಲು ಚೆನ್ನಾಗಿದ್ದರೆ ಬ್ಲ್ಯಾಕ್ ಪರ್ಲ್. ನನ್ನ ಕಿಟಕಿಯಲ್ಲಿರುವುದು ಅದೇ, ಪಕ್ಷಪಾತ ಇದ್ದೇ ಇದೆ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಅಂದಕ್ಕೆಂದೇ ಮಾಡಿದ ತಳಿ, 2006ರಲ್ಲಿ ಅಲ್ಲಿನ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂತು. ಸಸಿ ಹಸಿರಾಗಿ ಹುಟ್ಟುತ್ತದೆ, ಅಯ್ಯೋ ಮೋಸ ಹೋದೆ ಅನಿಸುತ್ತದೆ. ಬಿಸಿಲು ತಾಗುತ್ತಾ ಎಲೆ ನೇರಳೆಯಾಗಿ, ಆಮೇಲೆ ಕಪ್ಪಾಗುತ್ತದೆ. ಹೂವೂ ನೇರಳೆ. ಕಾಯಿ ಕರಿಮಣಿಯ ಹಾಗೆ ಗುಂಡಗೆ, ಹೊಳೆಯುತ್ತಾ, ಕೊನೆಗೆ ಕೆಂಪು. ಎತ್ತರ ಒಂದೂವರೆ ಅಡಿ.

ಇದರಲ್ಲಿ ನನಗೆ ಇಷ್ಟವಾದ ಸಂಗತಿ ಅಂದರೆ ಎಲೆಯೇ ಬೆಳಕಿನ ಮೀಟರ್ ಇದ್ದ ಹಾಗೆ. ಆ ಕಪ್ಪು ಬರುವುದು ಆಂಥೋಸಯಾನಿನ್ ಅನ್ನುವ ಬಣ್ಣದಿಂದ, ನೇರಳೆಹಣ್ಣಿನಲ್ಲಿ ಇರುತ್ತಲ್ಲ, ಆ ಗುಂಪಿನದೇ. ಬೆಳಕು ಕಡಿಮೆಯಾದರೆ ಗಿಡ ಅದನ್ನು ಮಾಡುವುದು ನಿಲ್ಲಿಸುತ್ತದೆ. ಒಮ್ಮೆ ಮನೆಗೆ ಬಣ್ಣ ಹೊಡೆಸುವಾಗ ಕುಂಡವನ್ನು ಮೂರು ವಾರ ಬಚ್ಚಲ ಕಿಟಕಿಗೆ ಸಾಗಿಸಿದ್ದೆ, ವಾಪಸ್ ತರುವ ಹೊತ್ತಿಗೆ ಹೊಸ ಚಿಗುರೆಲ್ಲ ಸಾದಾ ಹಸಿರು. ಅದಕ್ಕೇ ಬಿಸಿಲಿಲ್ಲದ ಮನೆಗೆ ಕಪ್ಪೆಲೆಯ ತಳಿ ತರಬೇಡಿ ಅನ್ನುವುದು.

ಬಿಸಿಲು ಸುಮಾರಾಗಿದ್ದರೆ ಹಸಿರೆಲೆಯ ತಳಿ ನೋಡಿ, ಬಣ್ಣವನ್ನು ಕಾಯಿಗೆ ಬಿಡಿ. ನ್ಯೂಮೆಕ್ಸ್ ಟ್ವೈಲೈಟ್ ಅಂತ ಒಂದಿದೆ. ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಯದ್ದು, ಅಲ್ಲಿ ಮೆಣಸಿನಕಾಯಿಗೆಂದೇ ಒಂದು ಸಂಸ್ಥೆ ಇದೆ. ಕಾಯಿ ನೇರಳೆಯಿಂದ ಹಳದಿ, ಕಿತ್ತಳೆ, ಕೊನೆಗೆ ಕೆಂಪು. ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲವಾದ್ದರಿಂದ ಒಂದೇ ಗಿಡದಲ್ಲಿ ನಾಲ್ಕೂ ಬಣ್ಣ. ಸಂಜೆಗೆ ಲೈಟ್ ಹಾಕಿದರೆ ದೀಪಾವಳಿಯ ಸೀರಿಯಲ್ ಸೆಟ್ ಬಿಟ್ಟ ಹಾಗೆ ಕಾಣುತ್ತದೆ. ಅದೇ ಯೂನಿವರ್ಸಿಟಿ ತನ್ನ ನೂರು ವರ್ಷದ ನೆನಪಿಗೆ 1988ರಲ್ಲಿ ನ್ಯೂಮೆಕ್ಸ್ ಸೆಂಟೆನಿಯಲ್ ಅಂತ ನೇರಳೆ ಎಲೆಯದ್ದು ಬಿಟ್ಟಿತ್ತು. ಆಮೇಲೆ ಹಬ್ಬಗಳ ಹೆಸರಿನಲ್ಲಿ ಒಂದು ಸಾಲೇ ಬಂತು, ಹ್ಯಾಲೋವೀನ್, ಕ್ರಿಸ್‌ಮಸ್, ಈಸ್ಟರ್ ಅಂತ. ಈಸ್ಟರ್ ತುಂಬಾ ಪುಟಾಣಿ ಗಿಡ, ತೆಳು ನೇರಳೆ, ತಿಳಿ ಹಳದಿ ಕಾಯಿ, ಓದುವ ಮೇಜಿನ ಮೇಲೂ ಕೂರುತ್ತದೆ.

ಬೊಲಿವಿಯನ್ ರೇನ್‌ಬೋ ಕೂಡ ಬಹಳ ಜನ ಕೇಳುತ್ತಾರೆ. ಚಂದವೇ. ಆದರೆ ಎರಡಡಿ ದಾಟಿ ಬೆಳೆಯುತ್ತದೆ, ಕಿಟಕಿಯ ಕಟ್ಟೆಗಿಂತ ಬಾಲ್ಕನಿಯ ನೆಲಕ್ಕೆ ಸರಿ.

ಬಿಳಿ ಪಟ್ಟೆ ಎಲೆಯ ಮೆಣಸಿನ ಗಿಡ ನೋಡಿದೆ. ಅದು ರೋಗನಾ ತಳಿನಾ?

ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ, ಕಾಯಿಯ ಮೇಲೂ ಉದ್ದುದ್ದ ಪಟ್ಟೆ ಇದ್ದರೆ ಅದು ಫಿಶ್ ಪೆಪ್ಪರ್ ಇರಬಹುದು. ರೋಗ ಅಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯ ಸುತ್ತಮುತ್ತ, ಬಾಲ್ಟಿಮೋರ್ ಕಡೆ, ಕಪ್ಪು ಜನರ ಅಡುಗೆಮನೆಯಲ್ಲಿ ಉಳಿದುಕೊಂಡು ಬಂದ ಹಳೇ ತಳಿ. ಮೀನು, ಸಿಂಪಿಯ ಜೊತೆ ಮಾಡುವ ಬಿಳಿ ಸಾಸ್‌ಗೆ ಇದರ ಎಳೇ ಬಿಳಿ ಕಾಯಿ ಹಾಕುತ್ತಿದ್ದರು. ಖಾರ ಬರುತ್ತದೆ, ಸಾಸ್‌ನ ಬಣ್ಣ ಕೆಡುವುದಿಲ್ಲ. ಜಾಣರು ಅಲ್ವಾ.

ಈ ತಳಿ ಉಳಿದ ಕತೆ ಇನ್ನೂ ಚೆಂದ. ಹೊರೇಸ್ ಪಿಪ್ಪಿನ್ ಅಂತ ಒಬ್ಬ ಕಪ್ಪು ಚಿತ್ರಕಾರ, ಮೊದಲ ಮಹಾಯುದ್ಧದಲ್ಲಿ ತೋಳಿಗೆ ಗುಂಡು ತಗುಲಿ ಆ ನೋವು ಕೊನೆತನಕ ಇತ್ತು. ಜೇನುಹುಳು ಕಚ್ಚಿಸಿಕೊಂಡರೆ ನೋವು ಕಡಿಮೆಯಾಗುತ್ತದೆ ಅನ್ನುವ ನಂಬಿಕೆಯಲ್ಲಿ ಜೇನು ಸಾಕಿದ್ದ ವೀವರ್ ಅನ್ನುವವರ ಬಳಿ ಹೋಗುತ್ತಿದ್ದ, ಬದಲಿಗೆ ಹಳೇ ತಳಿಗಳ ಬೀಜ ಕೊಡುತ್ತಿದ್ದ. ವೀವರ್ ತೀರಿಹೋದ ಎಷ್ಟೋ ವರ್ಷದ ಮೇಲೆ ಅವರ ಮೊಮ್ಮಗ ಮನೆಯ ಫ್ರೀಜರ್ ತಳದಲ್ಲಿ ಆ ಬೀಜದ ಡಬ್ಬಿ ಕಂಡು, ಮೊಳಕೆ ಬರಿಸಿ, ಊರಿಗೆಲ್ಲ ಹಂಚಿದರು. ಈಗ ಸಿಗುವ ಫಿಶ್ ಪೆಪ್ಪರ್ ಬಂದದ್ದು ಆ ಡಬ್ಬಿಯಿಂದ.

ಬೆಳೆಸುವಾಗ ನೆನಪಿರಲಿ: ಎಲೆಯ ಬಿಳಿ ಜಾಗದಲ್ಲಿ ಪತ್ರಹರಿತ್ತು ಇಲ್ಲ, ಅದು ಊಟ ಮಾಡಿಕೊಳ್ಳುವುದಿಲ್ಲ. ಹಾಗಾಗಿ ಗಿಡ ನಿಧಾನ. ಹತ್ತು ಸಸಿ ಹುಟ್ಟಿದರೆ ಪೂರ್ತಿ ಬಿಳಿ ಇರುವುದು ಸತ್ತೇ ಹೋಗುತ್ತದೆ, ಪೂರ್ತಿ ಹಸಿರು ಇರುವುದು ಜೋರಾಗಿ ಬರುತ್ತದೆ. ನಡುವೆ ಅರ್ಧಂಬರ್ಧ ಇರುವುದನ್ನು ಉಳಿಸಿಕೊಳ್ಳಿ.

ಯಾವುದನ್ನು ಮನೆಯೊಳಗೆ ತರಲೇಬಾರದು?

ಬಿಷಪ್ಸ್ ಕ್ರೌನ್. ಕಾಯಿ ಗಾಳಿಗೆ ಬಿಚ್ಚಿದ ಕೊಡೆಯ ಹಾಗೆ, ಮೂರು ಮೂಲೆ. ಎಲ್ಲರಿಗೂ ಬೇಕು. ಗಿಡ ಆಳೆತ್ತರಕ್ಕೆ ಹತ್ತಿರ ಹೋಗುತ್ತದೆ, ಕರ್ಟನ್ ರಾಡ್‌ಗೆ ಕಟ್ಟಬೇಕಾಗುತ್ತದೆ. ರೊಕೊಟೊ ಅಂತ ಆಂಡಿಸ್ ಬೆಟ್ಟದ್ದು, ಕಪ್ಪು ಬೀಜ, ರೋಮದ ಎಲೆ, ನೇರಳೆ ಹೂ, ನಿಜವಾಗಿ ವಿಚಿತ್ರ. ಅದಕ್ಕೆ ತಂಪು ಬೇಕು. ಕೊಡಗು, ಚಿಕ್ಕಮಗಳೂರಿನ ಎತ್ತರದ ಕಡೆ ಇರುವವರು ಬೇಕಾದರೆ ಕೈ ಹಾಕಿ, ರಾಯಚೂರು, ಕಲಬುರಗಿಯವರಿಗೆ ದುಡ್ಡು ದಂಡ.

ಇನ್ನು ಜಗತ್ತಿನ ಅತಿ ಖಾರದ ಮೆಣಸಿನಕಾಯಿಗಳು. 2007ರಲ್ಲಿ ಗಿನ್ನೆಸ್ ದಾಖಲೆಗೆ ಹೋದ ನಮ್ಮ ಈಶಾನ್ಯದ ಭೂತ್ ಜೊಲೊಕಿಯಾ, 2013ರ ಕ್ಯಾರೊಲಿನಾ ರೀಪರ್, 2023ರಲ್ಲಿ ಸುಮಾರು 27 ಲಕ್ಷ ಸ್ಕೋವಿಲ್ (ಖಾರ ಅಳೆಯುವ ಲೆಕ್ಕ) ಅಂತ ಬಂದ ಪೆಪ್ಪರ್ ಎಕ್ಸ್. ಹುಡುಗರಿಗೆ ಇದರ ಹುಚ್ಚು ಜಾಸ್ತಿ. ಗಿಡ ನೋಡಿದರೆ ಮಾತ್ರ ದೊಡ್ಡ ಹಸಿರೆಲೆಯ ಸಾದಾ ಗಿಡ. ಜಾಗ ತಿನ್ನುತ್ತದೆ, ಕಾಯಿ ಹಣ್ಣಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಆಮೇಲೆ ಆ ಕಾಯಿಯನ್ನು ಏನು ಮಾಡುವುದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆಯದ್ದು ಯಾವುದೂ ಇಲ್ವಾ? ಎಲ್ಲಾ ಅಮೆರಿಕದ್ದೇ ಹೇಳ್ತಿದ್ದೀರಿ.

ಇದೆಯಲ್ಲ, ಗಾಂಧಾರಿ. ಮಲೆನಾಡಿನಲ್ಲಿ ಸೂಜಿ ಮೆಣಸು, ಜೀರಿಗೆ ಮೆಣಸು ಅನ್ನುತ್ತಾರೆ. ಮೇಲ್ಮುಖವಾಗಿ ನಿಂತ ನೂರಾರು ಪುಟ್ಟ ಕಾಯಿ, ಹಸಿರು, ಕೆಂಪು ಜೊತೆಜೊತೆಗೆ. ಬಿಳಿ ಗಾಂಧಾರಿ ಸಿಕ್ಕರೆ ಇನ್ನೂ ಚೆಂದ, ಕಾಯಿ ಕೆನೆಯ ಬಣ್ಣ. ದುಡ್ಡು ಕೊಟ್ಟು ತರಬೇಕಿಲ್ಲ, ಊರಿನಲ್ಲಿ ಯಾರ ತೋಟದಲ್ಲಾದರೂ ಇರುತ್ತದೆ. ಬಿಟ್ಟರೆ ಮೂರ್ನಾಲ್ಕು ಅಡಿಯ ಪೊದೆಯಾಗುತ್ತದೆ, ಅದೊಂದೇ ತಕರಾರು. ಆರು ಇಂಚಿನ ಕುಂಡದಲ್ಲಿಟ್ಟು ತಿಂಗಳಿಗೊಮ್ಮೆ ತುದಿ ಚಿವುಟುತ್ತಾ ಬಂದರೆ ಹದದಲ್ಲಿರುತ್ತದೆ. ನೆರಳನ್ನೂ ಸ್ವಲ್ಪ ತಾಳಿಕೊಳ್ಳುವ ಗಿಡ ಇದು.

ಬ್ಯಾಡಗಿ ಹಾಕಬಹುದಾ ಅಂತಲೂ ಕೇಳುತ್ತಾರೆ. ಹಾವೇರಿ ಕಡೆಯವರಿಗೆ ಅಭಿಮಾನ ಇರುವುದು ಸಹಜ, 2011ರಲ್ಲಿ ಜಿಐ ಟ್ಯಾಗ್ ಬಂದಿದೆ, ಅದರ ಕೆಂಪು ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಆದರೆ ಅದು ಹೊಲದ ಗಿಡ. ಕಾಯಿ ಎಲೆಯಡಿ ಜೋತು ಬೀಳುತ್ತದೆ, ಅದರ ಚೆಂದ ಇರುವುದು ಒಣಗಿ ಸುಕ್ಕಾದ ಮೇಲೆ. ಕುಂಡದಲ್ಲಿಟ್ಟರೆ ಅದಕ್ಕೂ ಬೇಜಾರು, ನಿಮಗೂ ಬೇಜಾರು.

ಆನ್‌ಲೈನ್‌ನಲ್ಲಿ ನೀಲಿ ಮೆಣಸಿನಕಾಯಿ ಬೀಜ ಇದೆ. ತರಿಸಲಾ?

ಬೇಡ. ಕಡು ನೀಲಿ ಮೆಣಸಿನಕಾಯಿ ಅನ್ನುವುದು ಇಲ್ಲ. ಫೋಟೋದಲ್ಲಿ ಬಣ್ಣ ತಿದ್ದಿರುತ್ತಾರೆ. ನೇರಳೆ ಇದೆ, ಕಪ್ಪು ಇದೆ, ಬಿಳಿ, ಹಳದಿ, ಕಿತ್ತಳೆ, ಕಂದು ಇದೆ, ಅಷ್ಟು ಸಾಕು. ನಾನೂ ಒಮ್ಮೆ "ಕಾಮನಬಿಲ್ಲು ಮೆಣಸು, 100 ಬೀಜ" ಅಂತ ತರಿಸಿದೆ. ಹದಿನೇಳು ಮೊಳೆತವು. ನಾಲ್ಕು ತಿಂಗಳು ಮಗುವಿನ ಹಾಗೆ ನೋಡಿಕೊಂಡ ಮೇಲೆ ಬಂದದ್ದು ಸಂತೆಯಲ್ಲಿ ಕಾಲು ಕೆಜಿ ಕೊಡುತ್ತಾರಲ್ಲ, ಆ ಹಸಿಮೆಣಸಿನಕಾಯಿ. ತಳಿಯ ಹೆಸರು ಸ್ಪಷ್ಟವಾಗಿ ಬರೆಯದೆ "ಮಿಕ್ಸ್ ಕಲರ್" ಅಂತ ಮಾರುವವರಿಂದ ದೂರ ಇರಿ. ಬೆಳೆಸಿದವರ ಬಳಿಯೇ ನಾಲ್ಕು ಹಣ್ಣು ಕೇಳಿ ಇಸಿದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೇದು.

ಅಮೆರಿಕದಲ್ಲಿರುವ ತಂಗಿ ಬರುವಾಗ ಬೀಜ ತರ್ತೀನಿ ಅಂದಿದ್ದಾಳೆ. ಪರವಾಗಿಲ್ವಾ?

ಸುಮ್ನೆ ಪರ್ಸಿನಲ್ಲಿಟ್ಟು ತರುವ ಹಾಗಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ಬಿತ್ತನೆ ಬೀಜ ತರಲು ಆಮದು ಪರವಾನಗಿ ಬೇಕು, ಆ ದೇಶದವರು ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಹತ್ತು ಬೀಜಕ್ಕೆ ಯಾಕಿಷ್ಟು ಅನಿಸಬಹುದು. ಮೆಣಸಿನ, ಟೊಮೆಟೊ ಗಿಡದ ಕೆಲವು ವೈರಸ್ ಬೀಜದಲ್ಲೇ ಬರುತ್ತವೆ, ನಿಮ್ಮ ಕಿಟಕಿಯಿಂದ ಪಕ್ಕದ ಹೊಲಕ್ಕೆ ಹೋಗಲು ಒಂದು ಹುಳು ಸಾಕು. ತಂಗಿಗೆ ಚಾಕಲೇಟ್ ತರಲು ಹೇಳಿ.

ತಂಗಿಯೇ ಅಲ್ಲಿ ಬೆಳೆಸುವುದಾದರೆ ಬೇರೆ ಮಾತು. ಚಳಿ ದೇಶದಲ್ಲಿ ಮನೆಯೊಳಗೆ ಲೈಟ್ ಕೆಳಗೆ ಜನವರಿ, ಫೆಬ್ರವರಿಯಲ್ಲಿ ಬಿತ್ತಿದರೆ ಬೇಸಿಗೆಗೆ ಕಾಯಿ.

ನರ್ಸರಿಯಿಂದ ಗಿಡ ತರುವಾಗ ಏನು ನೋಡಬೇಕು?

ಎಲೆ ಮಗುಚಿ ಅಡಿ ನೋಡಿ. ಬಿಳಿ ಪುಡಿ ಹಾಗೆ ಹಾರಿದರೆ ಬಿಳಿನೊಣ, ಗಿಡ ಅಲ್ಲೇ ಬಿಡಿ. ಪೂರ್ತಿ ಕೆಂಪಾದ ಗಿಡ ಕಣ್ಣಿಗೆ ಹಬ್ಬ, ಆದರೆ ಅದರ ಆಟ ಮುಗಿಯುತ್ತಾ ಬಂದಿದೆ. ಮೊಗ್ಗು, ಎಳೆಕಾಯಿ ಜಾಸ್ತಿ ಇರುವುದನ್ನು ಆರಿಸಿ. ಲಾಲ್‌ಬಾಗ್‌ನಲ್ಲಿ ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಗಿಡ ಮಾರುವ ಮಳಿಗೆಗಳೂ ಇರುತ್ತವೆ, ಅಲ್ಲಿ ಒಂದು ಸುತ್ತು ಹಾಕಿ.

ಒಂದು ಗಂಭೀರ ಮಾತು. ಜೆರುಸಲೇಂ ಚೆರ್ರಿ ಅಂತ ಒಂದು ಗಿಡ ಇದೆ. ಗುಂಡನೆಯ ಕಿತ್ತಳೆ, ಕೆಂಪು ಹಣ್ಣು, ಬಿಳಿ ಹೂ, ನೋಡಲು ಅಂದದ ಮೆಣಸಿನ ಗಿಡವೇ. ಅದು ಮೆಣಸಿನಕಾಯಿ ಅಲ್ಲ, ಬದನೆಯ ಸಂಬಂಧಿ, ಹಣ್ಣು ವಿಷ. ಅಂಗಡಿಯವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಒಂದು ಹಣ್ಣು ಕತ್ತರಿಸಿ ನೋಡಿ. ಮೆಣಸಿನಕಾಯಿಯ ಒಳಗೆ ಟೊಳ್ಳು, ಚೆರ್ರಿಯ ಒಳಗೆ ಟೊಮೆಟೊ ಹಾಗೆ ರಸ, ತಿರುಳು. ಅನುಮಾನ ಬಂದರೆ ತರಬೇಡಿ.

ಈ ಕಾಯಿ ತಿನ್ನಬಹುದಾ?

ನೀವೇ ಬೀಜ ಹಾಕಿ ಬೆಳೆಸಿದ್ದಾದರೆ ಧಾರಾಳವಾಗಿ. ಅಂದದ ಗಿಡ ಅಂತ ನರ್ಸರಿಯಿಂದ ತಂದದ್ದಾದರೆ ಮೊದಲ ಸುತ್ತಿನ ಕಾಯಿ ತಿನ್ನಬೇಡಿ. ತಿನ್ನುವ ಗಿಡವಲ್ಲ ಅಂದುಕೊಂಡು ಅದಕ್ಕೆ ಔಷಧಿ ಹೊಡೆದಿರುತ್ತಾರೆ, ಗಿಡ ಗಿಡ್ಡವಾಗಿರಲಿ ಅಂತಲೂ ಏನೇನೋ ಹಾಕಿರುತ್ತಾರೆ. ಮನೆಗೆ ತಂದ ಮೇಲೆ ಹುಟ್ಟಿ ಬೆಳೆದ ಕಾಯಿಯನ್ನು ಎರಡು ಮೂರು ತಿಂಗಳ ನಂತರ ನೋಡಿಕೊಳ್ಳಿ.

ರುಚಿ ಬಗ್ಗೆ ಸುಳ್ಳು ಹೇಳಲ್ಲ: ಖಾರ ಇದೆ, ಘಮ ಇಲ್ಲ. ಬ್ಲ್ಯಾಕ್ ಪರ್ಲ್ ಒಂದು ಕಾಳು ಬ್ಯಾಡಗಿಗಿಂತ ಚುರುಕು, ಆದರೆ ಒಗ್ಗರಣೆಗೆ ಹಾಕಿದರೆ ಬ್ಯಾಡಗಿಯ ಪರಿಮಳ ಎಲ್ಲಿ ಬರಬೇಕು. ನೇರಳೆ ಬಣ್ಣವೂ ಬಿಸಿಗೆ ನಿಲ್ಲದೆ ಕೆಸರುಹಸಿರಾಗುತ್ತದೆ. ನಾನು ಹಾಗೇ ಉಪ್ಪು, ನಿಂಬೆರಸದಲ್ಲಿ ಹಾಕಿಡುತ್ತೇನೆ, ಮೊಸರನ್ನಕ್ಕೆ ಆಗುತ್ತದೆ. ಅಂದ ಹಾಗೆ ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ.

ಮನೆಯಲ್ಲಿ ಸಣ್ಣ ಮಗು ಇದೆ, ಬೆಕ್ಕೂ ಇದೆ.

ಹಾಗಾದರೆ ಖಾರವೇ ಇಲ್ಲದ ತಳಿ ತನ್ನಿ. ಚಿಲ್ಲಿ ಚಿಲಿ ಅಂತ ಒಂದು, ಮೆಡೂಸಾ ಅಂತ ಇನ್ನೊಂದು, ಎರಡೂ ಇದಕ್ಕೇ ಮಾಡಿದ್ದು. ಮೆಡೂಸಾದ ಕಾಯಿಗಳು ಹಾವಿನ ಹೆಡೆಗಳ ಹಾಗೆ ತಿರುಚಿಕೊಂಡು ಮೇಲೆದ್ದಿರುತ್ತವೆ, ಮಕ್ಕಳಿಗೆ ಖುಷಿ. ಬ್ಲ್ಯಾಕ್ ಪರ್ಲ್ ಮಾತ್ರ ಬೇಡವೇ ಬೇಡ, ಅದು ದ್ರಾಕ್ಷಿಯ ಹಾಗೆ ಕಾಣುತ್ತದೆ. ನಮ್ಮ ಅಕ್ಕನ ಮಗ ಒಂದು ಬಾಯಿಗೆ ಹಾಕಿಕೊಂಡು ಇಡೀ ಅಪಾರ್ಟ್‌ಮೆಂಟ್ ಎಬ್ಬಿಸಿದ್ದ. ಬಾಯಿ ಉರಿದರೆ ನೀರು ಕುಡಿಸಬೇಡಿ, ಮೊಸರು ಅಥವಾ ಹಾಲು ಕೊಡಿ. ಕೈಗೆ ಹತ್ತಿದರೆ ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪು. ಬೆಕ್ಕು ಕಾಯಿಯ ತಂಟೆಗೆ ಹೋಗುವುದಿಲ್ಲ, ಎಲೆ ಜಗಿಯಬಹುದು. ಅದೂ ಅದಕ್ಕೆ ಒಳ್ಳೇದಲ್ಲ, ಎತ್ತರದಲ್ಲಿಡಿ.

ಬೀಜ ಹಾಕಿ ಎರಡು ವಾರ ಆಯ್ತು, ಮೊಳಕೆನೇ ಇಲ್ಲ.

ಕಾಯಿರಿ. ಆನ್ಯುಅಮ್ ಜಾತಿಯವು ಒಂದೆರಡು ವಾರ, ಗಾಂಧಾರಿ, ಭೂತ್ ಜೊಲೊಕಿಯಾ ತರದವು ಮೂರ್ನಾಲ್ಕು ವಾರವೂ ತೆಗೆದುಕೊಳ್ಳುತ್ತವೆ. ಬೀಜಕ್ಕೆ ಬೇಕಾದ್ದು ಬೆಳಕಲ್ಲ, ಬಿಸಿ: 25ರಿಂದ 30 ಡಿಗ್ರಿ. ಡಿಸೆಂಬರ್‌ನ ಬೆಂಗಳೂರಿನಲ್ಲಿ ರಾತ್ರಿ ಅಷ್ಟು ಇರುವುದಿಲ್ಲ. ಒದ್ದೆ ಟಿಶ್ಯೂನಲ್ಲಿ ಬೀಜ ಸುತ್ತಿ, ಡಬ್ಬಿಯಲ್ಲಿ ಹಾಕಿ, ವೈಫೈ ರೂಟರ್ ಮೇಲೆ ಇಡುತ್ತೇನೆ. ಮನೆಯವರು ನಗುತ್ತಾರೆ, ಮೊಳಕೆ ಬರುತ್ತದೆ. ಕಾಲು ಇಂಚು ಆಳಕ್ಕಿಂತ ಕೆಳಗೆ ಹೂಳಬೇಡಿ. ಮೊಳೆತ ಕೂಡಲೇ ಮಾತ್ರ ಬೆಳಕಿಗೆ ತನ್ನಿ, ಒಂದು ದಿನ ತಡ ಮಾಡಿದರೂ ಸಸಿ ದಾರದ ಹಾಗಾಗುತ್ತದೆ.

ಕುಂಡ, ಮಣ್ಣು, ನೀರು?

ಆರರಿಂದ ಎಂಟು ಇಂಚಿನ ಕುಂಡ, ತಳದಲ್ಲಿ ತೂತು. ಕೆಮ್ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮಸಮ. ಕುಂಡ ಎತ್ತಿ ನೋಡಿ, ಹಗುರ ಅನಿಸಿದರೆ ನೀರು, ಭಾರ ಇದ್ದರೆ ಬೇಡ. ದಿನಾ ಬೆಳಿಗ್ಗೆ ಒಂದು ಲೋಟ ಅಂತ ಲೆಕ್ಕ ಇಟ್ಟು ಹಾಕಿದವರ ಗಿಡವೇ ಬೇರು ಕೊಳೆತು ಸಾಯುವುದು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಹೂ ಬರುತ್ತೆ, ಉದುರುತ್ತೆ. ಕಾಯಿ ಕಟ್ಟಲ್ಲ.

ಮೆಣಸಿನ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ, ಜೇನುಹುಳು ಬರಲೇಬೇಕಂತಿಲ್ಲ. ಆದರೆ ಪರಾಗ ಉದುರಲು ಗಾಳಿಯಾದರೂ ಅಲ್ಲಾಡಿಸಬೇಕಲ್ಲ. ಮುಚ್ಚಿದ ಕಿಟಕಿಯ ಹಿಂದೆ ಗಾಳಿ ಎಲ್ಲಿ? ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಹೂವಿನ ತೊಟ್ಟಿಗೆ ಬೆರಳಿನಲ್ಲಿ ಮೆಲ್ಲಗೆ ಟಕ್ ಟಕ್ ಅನ್ನಿಸಿ. ಬ್ಯಾಟರಿ ಟೂತ್‌ಬ್ರಷ್ ಇದ್ದರೆ ಅದರ ಹಿಂಬದಿ ತಾಗಿಸಿ, ಪರಾಗ ಉದುರುವುದು ಕಣ್ಣಿಗೇ ಕಾಣುತ್ತದೆ.

ಅದನ್ನೂ ಮಾಡಿ ಉದುರಿದರೆ ಎರಡು ಕಾರಣ ನೋಡಿ. ಒಂದು ಸೆಕೆ: 33, 34 ಡಿಗ್ರಿ ದಾಟಿದರೆ ಗಿಡ ಹೂ ಕಳಚುತ್ತದೆ, ಮಳೆ ಬಿದ್ದ ಮೇಲೆ ತಾನೇ ಸರಿಹೋಗುತ್ತದೆ. ಇನ್ನೊಂದು ಗೊಬ್ಬರ ಜಾಸ್ತಿಯಾಗಿರುವುದು. ಎಲೆ ಕಡು ಹಸಿರಾಗಿ ಸೊಕ್ಕಿದ್ದು, ಕಾಯಿ ಇಲ್ಲ ಅಂದರೆ ಸಾರಜನಕ ಅತಿಯಾಗಿದೆ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಎಲೆ ಮುದುಡಿದೆ. ಮಜ್ಜಿಗೆ ಹಾಕಲಾ?

ಮಜ್ಜಿಗೆಯನ್ನು ನೀವು ಕುಡಿಯಿರಿ. ಇದಕ್ಕೆ ರೈತರು ಮುಟುರು ರೋಗ ಅನ್ನುತ್ತಾರೆ, ಆದರೆ ಮಾಡುವವರು ಬೇರೆ ಬೇರೆ. ಎಲೆಯ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಪುಟಾಣಿ ಹುಳು. ಕೆಳಕ್ಕೆ, ಮಗುಚಿದ ದೋಣಿಯ ಹಾಗಿದ್ದರೆ ಮೈಟ್ ನುಸಿ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಎರಡಕ್ಕೂ ಮೊದಲ ಕೆಲಸ, ಗಿಡವನ್ನು ಬೇರೆ ಗಿಡಗಳಿಂದ ದೂರ ಇಟ್ಟು ಮುದುಡಿದ ತುದಿಗಳನ್ನು ಕತ್ತರಿಸಿ ಹಾಕುವುದು. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಿರಿ, ವಾರಕ್ಕೊಮ್ಮೆ, ಮೂರ್ನಾಲ್ಕು ವಾರ. ಎಲೆ ಸಣ್ಣದಾಗಿ, ಹಳದಿಯಾಗಿ, ಗಿಡವೇ ಕುಗ್ಗಿ, ಬಿಳಿನೊಣವೂ ಇದ್ದರೆ ಅದು ವೈರಸ್. ಅದಕ್ಕೆ ಮದ್ದಿಲ್ಲ. ಕಿತ್ತು ಕವರಿನಲ್ಲಿ ಕಟ್ಟಿ ಎಸೆಯಿರಿ, ಮರುಕ ಬೇಡ.

ಕುಂಡದ ಸುತ್ತ ಅಂಟು ಅಂಟು, ಇರುವೆ ಸಾಲು ಕಂಡರೆ ಅದು ಸಸ್ಯಹೇನು. ಬಚ್ಚಲಿಗೆ ಒಯ್ದು ಹ್ಯಾಂಡ್ ಶವರ್‌ನಲ್ಲಿ ತೊಳೆದರೆ ಅರ್ಧ ಹೋಗುತ್ತವೆ.

ಒಂದು ಸಲ ಕಾಯಿ ಬಿಟ್ಟ ಮೇಲೆ ಗಿಡ ಮುಗೀತಾ?

ಇಲ್ಲ. ಮೆಣಸಿನ ಗಿಡ ವರ್ಷದ ಬೆಳೆ ಅನ್ನುವುದು ಹೊಲದ ಲೆಕ್ಕ. ಮನೆಯಲ್ಲಿ ಮೂರ್ನಾಲ್ಕು ವರ್ಷ ಇಟ್ಟುಕೊಳ್ಳಬಹುದು. ಕಾಯಿ ಎಲ್ಲ ಹಣ್ಣಾದ ಮೇಲೆ ಕೊಯ್ದು, ಕೊಂಬೆಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನ ಮಣ್ಣು ಬದಲಿಸಿ. ಮೂರು ವಾರದಲ್ಲಿ ಚಿಗುರುತ್ತದೆ. ಬುಡ ಮರದ ಹಾಗೆ ದಪ್ಪವಾಗುತ್ತಾ ಹೋಗುತ್ತದೆ. ಅದನ್ನೇ ಚಪ್ಪಟೆ ಕುಂಡಕ್ಕೆ ಹಾಕಿ ಬೋನ್ಸಾಯ್ ಮಾಡುವವರಿದ್ದಾರೆ, ಬೊಂಚಿ ಅಂತಾರೆ. ಅದಕ್ಕೆ ಗಾಂಧಾರಿಯ ಹಳೇ ಬುಡದಷ್ಟು ಒಳ್ಳೇದು ಇನ್ನೊಂದಿಲ್ಲ.

ಮೆಣಸಿನ ಗಿಡ ಮನೆಯೊಳಗಿಟ್ಟರೆ ಜಗಳ ಆಗುತ್ತಂತೆ?

ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರೆ ದೃಷ್ಟಿ ಹೋಗುತ್ತದೆ, ಗಿಡ ಒಳಗಿದ್ದರೆ ಜಗಳ ಬರುತ್ತದೆ ಅನ್ನುವ ಲೆಕ್ಕ ನನಗೆ ಅರ್ಥವಾಗಿಲ್ಲ. ನಮ್ಮ ಮನೆಯಲ್ಲಿ ಗಿಡದಿಂದ ಆದ ಜಗಳ ಒಂದೇ, ಕುಂಡದ ನೀರು ಸೋಫಾ ಮೇಲೆ ಚೆಲ್ಲಿದ್ದು.

ಬೀಜ ಎತ್ತಿಟ್ಟರೆ ಮುಂದಿನ ಸಲವೂ ಅದೇ ಬಣ್ಣ ಬರುತ್ತಾ?

ಒಂದೇ ತಳಿ ಇದ್ದು, ಅದು ಹೈಬ್ರಿಡ್ ಅಲ್ಲದಿದ್ದರೆ ಬರುತ್ತದೆ. ಎರಡು ಮೂರು ತಳಿ ಅಕ್ಕಪಕ್ಕ ಇದ್ದರೆ ಬೆರಕೆಯಾಗುವುದುಂಟು. ಬೀಜಕ್ಕೆ ಬೇಕಾದ ಮೊಗ್ಗು ಅರಳುವ ಮೊದಲೇ ತೆಳು ಬಟ್ಟೆಯ ಪುಟ್ಟ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ತೊಟ್ಟಿಗೆ ಒಂದು ದಾರ ಕಟ್ಟಿಡಿ, ಗುರುತಿಗೆ. ಪೂರ್ತಿ ಹಣ್ಣಾದ ಮೇಲೆ ಬೀಜ ತೆಗೆದು ನೆರಳಲ್ಲಿ ಒಣಗಿಸಿ, ಹೆಸರು, ವರ್ಷ ಬರೆದು ಡಬ್ಬಿಗೆ ಹಾಕಿ.

ನಾನು ಚೀಲ ಕಟ್ಟದ ವರ್ಷ ಬ್ಲ್ಯಾಕ್ ಪರ್ಲ್ ಬೀಜದಿಂದ ಆರು ಸಸಿ ಬಂದವು. ನಾಲ್ಕು ಅಮ್ಮನ ಹಾಗೇ ಕಪ್ಪು. ಎರಡಕ್ಕೆ ಎಲೆ ಹಸಿರು, ನರ ಮಾತ್ರ ನೇರಳೆ, ಕಾಯಿ ಉದ್ದಕ್ಕೆ, ಪಕ್ಕದಲ್ಲಿದ್ದ ಟ್ವೈಲೈಟ್‌ನ ಕೆಲಸ ಅದು. ಒಂದನ್ನು ಕೆಳಮನೆಯ ಆಂಟಿ ಇಸಿದುಕೊಂಡು ಹೋದರು. ಇನ್ನೊಂದು ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಇದೆ, ಅದಕ್ಕೆ ಹೆಸರಿಲ್ಲ, ಅಮ್ಮ ದಿನಾ ಎರಡು ಕಾಯಿ ಕಿತ್ತು ತಂಬುಳಿಗೆ ಹಾಕುತ್ತಾರೆ.